ಓಟದ ಲೆಕ್ಕ, ಕತ್ತರಿಯ ಧರ್ಮ

೧೯೦೪ನೆಯ ಇಸವಿ ಆಗಸ್ಟ್ ೩೦ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ಬಿರುಬಿಸಿಲು, ದಾರಿಯುದ್ದಕ್ಕೂ ಧೂಳು. ಎಲ್ಲರಿಗಿಂತ ಮೊದಲು ಕ್ರೀಡಾಂಗಣವನ್ನು ಹೊಕ್ಕವನು ಫ್ರೆಡ್ ಲೋರ್ಜ್. ಜನ ಜಯಘೋಷ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಗುಟ್ಟು ಹೊರಬಿತ್ತು. ಆತ ಸುಮಾರು ೯ ಮೈಲಿ ಓಡಿ, ಕಾಲು ಸೆಟೆದು, ಮುಂದಿನ ಸುಮಾರು ೧೧ ಮೈಲಿಯನ್ನು ಮೋಟಾರಿನಲ್ಲಿ ಕ್ರಮಿಸಿದ್ದ. ಮೋಟಾರು ಕೆಟ್ಟು ನಿಂತಾಗ ಇಳಿದು ಮತ್ತೆ ಓಡಿಬಂದಿದ್ದ. ತಮಾಷೆಗೆಂದು ಮಾಡಿದೆ ಎಂದ. ಪದಕ ಥಾಮಸ್ ಹಿಕ್ಸ್‌ನ ಪಾಲಾಯಿತು. ಇದೇ ಲೋರ್ಜ್ ಮರುವರ್ಷ ಬಾಸ್ಟನ್ ಮ್ಯಾರಥಾನನ್ನು ಗೆದ್ದನೆಂಬುದನ್ನೂ ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು.

ಅಂದು ಆ ಸವಾರಿಗೆ ಸಾಕ್ಷಿಯಾದದ್ದು ಕಂಡವರ ಕಣ್ಣು. ಇಂದು ಸಾಕ್ಷಿ ಓಟಗಾರನ ಮುಂಗೈಗೇ ಬಂದು ಕುಳಿತಿದೆ. ೧೯೬೫ರಲ್ಲಿ ಜಪಾನಿನ ಯಮಾಸಾ ಸಂಸ್ಥೆ, ಹತ್ತು ಸಾವಿರ ಹೆಜ್ಜೆ ಎಂಬರ್ಥದ ಹೆಸರಿಟ್ಟು, ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ೧೯೮೨ರಲ್ಲಿ ಫಿನ್ಲೆಂಡಿನ ಪೋಲಾರ್ ಸಂಸ್ಥೆ ಎದೆಬಡಿತವನ್ನು ತಂತಿಯಿಲ್ಲದೆ ಮಣಿಕಟ್ಟಿಗೆ ಮುಟ್ಟಿಸಿತು. ಉಪಗ್ರಹಗಳ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ದೋಷ ೨೦೦೦ದ ಮೇ ತಿಂಗಳಲ್ಲಿ ನಿಂತಿತು. ನೂರು ಮೀಟರಿನಷ್ಟು ತಪ್ಪುತ್ತಿದ್ದ ಗುರುತು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ೨೦೦೩ರಲ್ಲಿ ಗಾರ್ಮಿನ್ ಸಂಸ್ಥೆಯ ‘ಫೋರ್‌ರನ್ನರ್’ ಹೊರಬಂದಿತು. ಓಡಿದ ದಾರಿಯೇ ಬರೆಹವಾಯಿತು.

ಆದರೆ ಯಂತ್ರಕ್ಕೆ ವಿವೇಕವಿಲ್ಲ. ಓಟ ಮುಗಿಸಿ, ಗುಂಡಿ ಒತ್ತಲು ಮರೆತು ಬಸ್ಸು ಹತ್ತಿದವನ ಲೆಕ್ಕಕ್ಕೆ ಬಸ್ಸಿನ ವೇಗವೂ ಸೇರುತ್ತದೆ. ಮೋಸದ ಲವಲೇಶವೂ ಇಲ್ಲದ ಸಜ್ಜನ ತನಗರಿವಿಲ್ಲದೆಯೇ ಲೋರ್ಜ್ ಆಗುತ್ತಾನೆ. ೨೦೦೯ರಲ್ಲಿ ಆರಂಭವಾದ ಸ್ಟ್ರಾವಾದಲ್ಲಿ ಒಂದೇ ದಾರಿಯಲ್ಲಿ ಓಡಿದವರನ್ನು ವೇಗದ ಅನುಕ್ರಮದಲ್ಲಿ ಪಟ್ಟಿಮಾಡುವುದುಂಟು. ಅಲ್ಲಿ ಈ ಮರೆವು, ಬೆವರು ಸುರಿಸಿ ಓಡಿದ ಇನ್ನೊಬ್ಬನನ್ನು ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ಕತ್ತರಿ ಬೇಕು.

ಈ ದಾಖಲೆಯೆಂಬುದು ಅಂಗಡಿಯ ಕಿರ್ದಿಯಂತೆ. ಸಾಲುಸಾಲಿಗೂ ಹೊತ್ತು, ಅಕ್ಷಾಂಶ, ರೇಖಾಂಶ, ಎತ್ತರ, ಎದೆಬಡಿತ. ಬಸ್ಸಿನ ಸಾಲುಗಳನ್ನು ಹೊಡೆದುಹಾಕಿದರಷ್ಟೇ ಸಾಲದು. ‘ಟಿ.ಸಿ.ಎಕ್ಸ್.’ ಎಂಬ ಬಗೆಯ ಕಡತದಲ್ಲಿ ಒಂದೊಂದು ಸುತ್ತಿನ ಒಟ್ಟು ಹೊತ್ತು, ಒಟ್ಟು ದೂರಗಳು ಬೇರೆಯಾಗಿಯೇ ಬರೆದಿರುತ್ತವೆ, ಅವನ್ನೂ ತಿದ್ದಬೇಕು. ಆರಂಭವನ್ನು ಕತ್ತರಿಸಿದರಂತೂ, ಕೂಡುತ್ತ ಬಂದ ದೂರವನ್ನು ಮುಂದಿನ ಪ್ರತಿ ಸಾಲಿನಲ್ಲೂ ಕಳೆಯಬೇಕು. ‘ಫಿಟ್’ ಎಂಬ ಬಗೆಯಲ್ಲಿ ಕೊನೆಗೊಂದು ತಾಳೆಯ ಅಂಕವಿದೆ. ಒಳಗೆ ತಿದ್ದಿದವನು ಅದನ್ನು ಹೊಸದಾಗಿ ಲೆಕ್ಕಹಾಕಿ ಬರೆಯದಿದ್ದರೆ ಕಡತ ಕೆಟ್ಟಿತೆಂದೇ ಎಣಿಕೆ.

ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಈ ಕೆಲಸ ಅಪರಿಚಿತವೇನಲ್ಲ. ಯಾರೋ ನಡುವೆ ಸೇರಿಸಿದ ಪ್ರಕ್ಷಿಪ್ತವನ್ನು ಸಂಪಾದಕ ಬೇರ್ಪಡಿಸುತ್ತಾನೆ. ಆದರೆ ಓಲೆಯನ್ನು ಸುಡುವುದಿಲ್ಲ, ತನಗೆ ರುಚಿಸದ ಪದ್ಯವನ್ನೆಲ್ಲ ಪ್ರಕ್ಷಿಪ್ತವೆನ್ನುವುದೂ ಇಲ್ಲ. ಬಸ್ಸನ್ನು ತೆಗೆಯುವ ಕತ್ತರಿಯೇ, ದಣಿದು ನಡೆದು ಹತ್ತಿದ ದಿಣ್ಣೆಯನ್ನೂ ತೆಗೆಯಬಲ್ಲುದು. ಅಲ್ಲಿಗೆ ತಿದ್ದುಪಡಿ ಮುಗಿದು ಸುಳ್ಳು ಮೊದಲಾಗುತ್ತದೆ. ಮನೆಯ ಬಾಗಿಲು ಪರರಿಗೆ ಕಾಣದಿರಲೆಂದು ತುದಿಯನ್ನು ಕತ್ತರಿಸುವುದು ಬೇರೆ ಮಾತು. ಸ್ಟ್ರಾವಾ ೨೦೧೭ರಲ್ಲಿ ಪ್ರಕಟಿಸಿದ ಭೂಪಟದಲ್ಲಿ ಓಟದ ಗೆರೆಗಳಿಂದಲೇ ಸೈನಿಕ ನೆಲೆಗಳು ಬಯಲಾದದ್ದು ೨೦೧೮ರ ಜನವರಿಯಲ್ಲಿ ಲೋಕಕ್ಕೆ ತಿಳಿಯಿತಷ್ಟೆ.

ಮೂಲವನ್ನು ಜೋಪಾನವಾಗಿರಿಸಿ, ತಾನು ಓಡದಿದ್ದುದನ್ನು ಮಾತ್ರ ತೆಗೆಯುವುದು: ಇದೇ ಕತ್ತರಿಯ ಧರ್ಮ. ಲೋರ್ಜ್ ಆ ೧೧ ಮೈಲಿಯನ್ನು ತಾನಾಗಿಯೇ ಕಳೆದು ಲೆಕ್ಕ ಒಪ್ಪಿಸಿದ್ದರೆ ಪದಕವೇನೂ ಬರುತ್ತಿರಲಿಲ್ಲ. ಆದರೆ ಬಿಸಿಲಿನಲ್ಲಿ ಓಡಿದ ಮೈಲಿಗಳಾದರೂ ಅವನವಾಗಿ ಉಳಿಯುತ್ತಿದ್ದವು.