ಅಳಿದ ಕೇರಿಯ ನಕ್ಷೆ

ದಕ್ಷಿಣ ಆಫ್ರಿಕದ ಕೇಪ್ ಟೌನ್ ನಗರದಲ್ಲಿ, ಡೆವಿಲ್ಸ್ ಪೀಕ್ ಬೆಟ್ಟದ ತಪ್ಪಲಿನಿಂದ ಬಂದರಿನ ಕಡೆಗೆ ಇಳಿಯುವ ನೆಲದ ಮೇಲೆ, 1867ರಲ್ಲಿ ಪುರಸಭೆಯ ಆರನೆಯ ವಿಭಾಗವೆಂದು ಪರಿಗಣಿತವಾಗಿ ಆ ಸಂಖ್ಯೆಯನ್ನೇ ನಾಮಧೇಯವಾಗಿ ಧರಿಸಿದ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಕೇರಿಯೊಂದಿದ್ದಿತು. ಅದು ಬಹುಪಾಲು ಹೊರಗಿನಿಂದ ಬಂದವರ ನೆಲೆ. ಡಚ್ಚರ ಹಡಗುಗಳಲ್ಲಿ ಮಲಬಾರ್, ಚೋಳಮಂಡಲ, ಬಂಗಾಳದ ತೀರಗಳಿಂದಲೂ ಜಾವಾ ಮೊದಲಾದ ದ್ವೀಪಗಳಿಂದಲೂ ಗುಲಾಮರಾಗಿ ಸಾಗಿಸಲ್ಪಟ್ಟು, 1833ರ ಶಾಸನದಿಂದ ಬಿಡುಗಡೆ ಪಡೆದವರ ಸಂತತಿಯವರು ಅಲ್ಲಿ ನೆಲಸಿದ್ದರು. ಲಿಥುವೇನಿಯದಿಂದ ಬಂದ ಯೆಹೂದ್ಯರು, ಸೂರತ್ತಿನ ಕಡೆಯಿಂದ ಬಂದ ವ್ಯಾಪಾರಿಗಳು, ಬಂದರಿನಲ್ಲಿ ದುಡಿಯುತ್ತಿದ್ದ ಖೋಸಾ ಭಾಷೆಯ ಕೂಲಿಕಾರರು, ಬಡ ಆಂಗ್ಲರು, ಇವರೆಲ್ಲರೂ ಅದೇ ಇಕ್ಕಟ್ಟಾದ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಸಂಸಾರ ನಡೆಸಿದರು.

ಆ ಕೇರಿಯನ್ನು ಸ್ವರ್ಗವೆಂದು ವರ್ಣಿಸುವುದು ಸತ್ಯಕ್ಕೆ ದೂರ. ಮನೆಗಳ ಒಡೆಯರು ಬೇರೆಡೆ ಇದ್ದು ಬಾಡಿಗೆಯನ್ನು ಮಾತ್ರ ಎಣಿಸುತ್ತಿದ್ದುದರಿಂದ ರಿಪೇರಿಯಿಲ್ಲದ ಕೊಠಡಿಗಳಲ್ಲಿ ಜನ ಕಿಕ್ಕಿರಿದಿದ್ದರು. ಪುಂಡರ ತಂಡಗಳ ಭಯವೂ ಇತ್ತು. 1901ರಲ್ಲಿ ಪ್ಲೇಗು ಬಂದಾಗ ಅದನ್ನೇ ನೆಪ ಮಾಡಿಕೊಂಡು ಕಪ್ಪು ಜನರನ್ನು ಮೊತ್ತಮೊದಲು ಊರಾಚೆಗೆ ಅಟ್ಟಿದ್ದೂ ಇಲ್ಲಿಂದಲೇ. ಆದರೂ ಹ್ಯಾನೋವರ್ ಬೀದಿಯ ಅಂಗಡಿಸಾಲು, ಮೀನು ಬಂದಿತೆಂದು ಸಾರುವ ಗಾಡಿಯವನ ಕೊಂಬಿನ ದನಿ, ಶನಿವಾರ ಬಯಾಸ್ಕೋಪುಗಳ ಮುಂದಿನ ನೂಕುನುಗ್ಗಲು, ಜನವರಿ ಎರಡರಂದು ಬಣ್ಣದ ಉಡುಪು ತೊಟ್ಟು ಹಾಡುತ್ತ ಸಾಗುವ ಮೇಳಗಳು, ಒಂದೇ ಓಣಿಯವರ ಕಿವಿಗೆ ಬೀಳುವ ಮಸೀದಿಯ ಬಾಂಗು ಮತ್ತು ಇಗರ್ಜಿಯ ಗಂಟೆ, ಇವುಗಳಿಂದ ಅಲ್ಲಿಯ ಬಾಳು ಒಂದು ಹದಕ್ಕೆ ಬಂದಿತ್ತು. ವರ್ಣಭೇದದ ಸರ್ಕಾರಕ್ಕೆ ಸಹಿಸಲಾಗದೆ ಹೋದುದು ಈ ಹದವೇ. ಭಿನ್ನ ವರ್ಣದವರು ಕೂಡಿ ಬಾಳಲಾರರೆಂಬ ಅದರ ಸಿದ್ಧಾಂತಕ್ಕೆ ಈ ಕೇರಿಯ ಇರವೇ ಪ್ರತ್ಯಕ್ಷವಾದ ಖಂಡನೆಯಾಗಿತ್ತು.

1966ರ ಫೆಬ್ರವರಿ 11ರಂದು, 1950ರ ಗ್ರೂಪ್ ಏರಿಯಾಸ್ ಶಾಸನದ ಮೇರೆಗೆ, ಡಿಸ್ಟ್ರಿಕ್ಟ್ ಸಿಕ್ಸ್ ಬಿಳಿಯರ ಪ್ರದೇಶವೆಂದು ಘೋಷಿತವಾಯಿತು. ಅನಂತರದ ಹದಿನೈದು ವರ್ಷಗಳಲ್ಲಿ ಸುಮಾರು 60,000 ಜನರನ್ನು ಕೇಪ್ ಫ್ಲಾಟ್ಸ್ ಎಂಬ ದೂರದ ಮರಳು ಬಯಲಿಗೆ, ಮೈಬಣ್ಣವನ್ನು ನೋಡಿ ವಿಂಗಡಿಸಿ, ಸಾಗಿಸಲಾಯಿತು. ದೇವಾಲಯಗಳನ್ನುಳಿದು ಹೆಚ್ಚು ಕಡಿಮೆ ಎಲ್ಲ ಕಟ್ಟಡಗಳೂ ಬುಲ್ಡೋಜರಿಗೆ ಬಲಿಯಾದುವು. ಬೀದಿಗಳ ಗೆರೆಗಳೂ ಅಳಿಸಿಹೋದುವು. ಹೆಸರೂ ಝೊನ್ನೆಬ್ಲೂಮ್ ಎಂದು ಬದಲಾಯಿತು. ಹೀಗೆ ತೆರವಾದ ನೆಲದ ಬಹುಭಾಗ ದಶಕಗಳ ಕಾಲ ಹುಲ್ಲು ಬೆಳೆದ ಪಾಳಾಗಿಯೇ ಬಿದ್ದಿತು.

ಇಂತಹ ಊರಿನ ಚರಿತ್ರೆಯನ್ನು ಬರೆಯುವುದೆಂತು? ದಫ್ತರಗಳಲ್ಲಿ ಇದ್ದುದು ಕೆಡವಿದವರ ಬರಹ. ಮಿಕ್ಕ ಆಧಾರವೆಂದರೆ ವೃದ್ಧರ ಸ್ಮರಣೆಯೊಂದೇ. ಅದನ್ನು ಕಲೆಯ ಮೂಲಕ ಸಂಗ್ರಹಿಸುವ ಕಾರ್ಯಕ್ಕೆ, ಒಕ್ಕಲೆಬ್ಬಿಸಲ್ಪಟ್ಟವರೂ ಅವರ ಹಿತೈಷಿಗಳಾದ ಕಲಾವಿದರೂ ವಿದ್ವಾಂಸರೂ ಸೇರಿ, ಬ್ಯೂಟೆನ್‌ಕಾಂಟ್ ಬೀದಿಯ ಹಳೆಯ ಮೆಥಡಿಸ್ಟ್ ಇಗರ್ಜಿಯಲ್ಲಿ ತೊಡಗಿದರು. 1994ರ ಡಿಸೆಂಬರಿನಲ್ಲಿ, ವರ್ಣಭೇದದ ಆಡಳಿತ ಕೊನೆಗೊಂಡ ವರ್ಷದಲ್ಲಿಯೇ, ಆ ಕೇರಿಯ ಬೀದಿಗಳನ್ನು ಕುರಿತ ಪ್ರದರ್ಶನವೊಂದನ್ನು ಕೆಲವೇ ವಾರಗಳ ಮಟ್ಟಿಗೆಂದು ತೆರೆದರು. ಜನರು ಅದನ್ನು ಮುಚ್ಚಗೊಡಲಿಲ್ಲ. ಅದೇ ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯವಾಗಿ ನಿಂತಿತು.

ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಮೇಲಿನಿಂದ ಇಳಿಬಿಟ್ಟ ಬೀದಿ ಹೆಸರುಗಳ ಫಲಕಗಳು. ಮನೆಗಳನ್ನು ಕೆಡವುವ ಕೆಲಸದ ಮೇಲ್ವಿಚಾರಕನಾಗಿದ್ದವನೇ ಅವನ್ನು ಬಿಸುಡದೆ ವರ್ಷಗಟ್ಟಲೆ ಗುಟ್ಟಾಗಿ ಕಾಪಾಡಿಕೊಂಡಿದ್ದು ಕಡೆಗೆ ತಂದೊಪ್ಪಿಸಿದನೆಂಬುದು ಮನುಷ್ಯಸ್ವಭಾವವನ್ನು ಕುರಿತು ಯೋಚಿಸತಕ್ಕ ಸಂಗತಿ. ಆ ಫಲಕಗಳ ಕೆಳಗೆ, ಪ್ರಾರ್ಥನಾಮಂದಿರದ ನೆಲದ ಬಹುಭಾಗವನ್ನು ವ್ಯಾಪಿಸಿ, ಇಡೀ ಕೇರಿಯ ದೊಡ್ಡ ನಕ್ಷೆಯೊಂದಿದೆ. ಬೀದಿಗಳ ಗೆರೆಗಳನ್ನು ಕಲಾವಿದರು ಎಳೆದರು. ಅವುಗಳ ನಡುವಣ ಬಯಲನ್ನು ತುಂಬಿದವರು ಅಲ್ಲಿ ಬಾಳಿದ್ದವರು. ಮುದುಕರು ಊರುಗೋಲನ್ನು ಬದಿಗಿಟ್ಟು, ನೆಲಕ್ಕೆ ಬಾಗಿ, ತಮ್ಮ ಬೀದಿಯನ್ನು ಬೆರಳಿನಿಂದ ಹುಡುಕಿ, ಮನೆಯಿದ್ದೆಡೆಯಲ್ಲಿ ಮನೆತನದ ಹೆಸರನ್ನು ಸ್ವಹಸ್ತದಿಂದ ಬರೆದರು; ಅಂಗಡಿ, ಶಾಲೆ, ಬಸ್ಸು ನಿಲ್ಲುತ್ತಿದ್ದ ಜಾಗಗಳನ್ನು ಗುರುತಿಸಿದರು. ಇದಲ್ಲದೆ ಬಂದವರು ತಮ್ಮ ಹೆಸರನ್ನೂ ಮಾತನ್ನೂ ಬರೆದ ಬಟ್ಟೆಯುಂಟು; ಶಾಯಿ ಮಾಸದಿರಲೆಂದು ಅಕ್ಷರಗಳ ಮೇಲೆ ದಾರದಿಂದ ಕಸೂತಿ ಹಾಕುತ್ತಾರೆ. ನೊಮ್ವೂಯೊ ಙ್ಸೆಲ್ವಾನೆ ಎಂಬ ಲೇಖಕಿಯ ಬಾಲ್ಯಸ್ಮರಣೆಯನ್ನು ಆಧರಿಸಿ, ಒಂದೇ ಕೋಣೆಯಲ್ಲಿ ಒಂದು ಸಂಸಾರ ಉಂಡು, ಓದಿ, ಮಲಗುತ್ತಿದ್ದ ಬಗೆಯನ್ನು ಮಂಚ, ಮೇಜು, ಪಾತ್ರೆಗಳ ಸಹಿತ ಪುನಃ ಕಟ್ಟಿದ್ದಾರೆ.

ಸಂಗ್ರಹಾಲಯದ ಸ್ಥಾಪಕರಲ್ಲೊಬ್ಬರಾದ ನೂರ್ ಇಬ್ರಾಹಿಂ ಅವರ ತಾತ 1890ರಲ್ಲಿ ಸೂರತ್ತಿನಿಂದ ಬಂದು ಈ ಊರಿನಲ್ಲಿ ವ್ಯಾಪಾರ ಹೂಡಿದವರು. ನೂರ್ ಅವರು ಪಾರಿವಾಳಗಳನ್ನು ಸಾಕಿದ್ದರು. ಎಪ್ಪತ್ತರ ದಶಕದಲ್ಲಿ ಅಥ್ಲೋನ್ ಎಂಬ ಬೇರೆ ಬಡಾವಣೆಗೆ ಮನೆ ಬದಲಾಯಿಸಬೇಕಾದಾಗ ಹಕ್ಕಿಗಳನ್ನೂ ಒಯ್ದು, ಹೊಸ ಗೂಡು ರೂಢಿಯಾಗಲೆಂದು ಕೆಲವು ತಿಂಗಳು ಕೂಡಿಹಾಕಿ, ಒಂದು ದಿನ ಹಾರಬಿಟ್ಟರೆ ಸಂಜೆಗೆ ಒಂದೂ ಮರಳಲಿಲ್ಲ. ಮರುದಿನ ಹಳೆಯ ಕೇರಿಯ ದಾರಿಯಲ್ಲಿ ಬರುತ್ತಿರುವಾಗ, ಕೆಡವಿದ್ದ ತಮ್ಮ ಮನೆಯ ಖಾಲಿ ನಿವೇಶನದಲ್ಲಿ ಅವೆಲ್ಲವೂ ಕುಳಿತಿದ್ದುದನ್ನು ಕಂಡರು. ಈ ವೃತ್ತಾಂತವನ್ನು ಅವರು ತಮ್ಮ ಪುಸ್ತಕದಲ್ಲಿಯೂ ಸಂಗ್ರಹಾಲಯಕ್ಕೆ ಬಂದವರೆದುರಿನಲ್ಲಿಯೂ ಹೇಳಿದ್ದಾರೆ.

ವೃದ್ಧಾಪ್ಯದ ನೆನಪು ಗತಕಾಲಕ್ಕೆ ಸಿಹಿಯನ್ನು ಬೆರೆಸುವುದೆಂಬ ಆಕ್ಷೇಪ ಉಂಟು. ಅದು ನಿರಾಧಾರವೂ ಅಲ್ಲ. ಆದರೆ ನೆಲದ ಮೇಲಿನ ನಕ್ಷೆ ಒಬ್ಬನ ನೆನಪಲ್ಲ. ಒಬ್ಬನು ಬರೆದ ಅಂಗಡಿಯ ಪಕ್ಕದಲ್ಲಿ ನೆರೆಮನೆಯವಳು ತನ್ನದನ್ನು ಬರೆಯುತ್ತಾಳೆ. ಒಬ್ಬನ ತಪ್ಪನ್ನು ಹತ್ತು ಜನ ತಿದ್ದುತ್ತಾರೆ. ಕೂಡಿ ಬಾಳಿದ್ದೆವೆಂದು ಹಲವರು ಹೇಳುವಾಗ, ನಮ್ಮನ್ನು 1901ರಲ್ಲಿಯೇ ಅಟ್ಟಿದರಲ್ಲವೇ ಎಂದು ಮತ್ತೊಬ್ಬರು ನೆನಪಿಸುತ್ತಾರೆ. ಚಿತ್ರಕಾರನು ಮುದುಕನೊಬ್ಬನನ್ನು ಕೂರಿಸಿಕೊಂಡು ಅವನ ಮುಖವನ್ನೋ ಮಾತನ್ನೋ ತಾನು ಚಿತ್ರಿಸಿದರೆ ಆ ಕೃತಿ ಚಿತ್ರಕಾರನದೇ. ಇಲ್ಲಿಯಾದರೋ ಕಲಾವಿದನು ಗೆರೆಯೆಳೆದು ಹಿಂದೆ ಸರಿದುದರಿಂದ, ನೆನೆಯುವವನೇ ಕೃತಿಕಾರನಾದನು.

ಇದರ ಫಲ ಭಾವನೆಗಷ್ಟೇ ಸೀಮಿತವಾಗಲಿಲ್ಲ. 1994ರ ಭೂಹಕ್ಕು ಪುನಃಸ್ಥಾಪನೆಯ ಶಾಸನದಂತೆ, ಕಳೆದುಕೊಂಡವರು 1998ರ ಕೊನೆಯೊಳಗೆ ತಮ್ಮ ಹಕ್ಕನ್ನು ಮಂಡಿಸಬೇಕಾಗಿತ್ತು. ಚದುರಿಹೋದ ನೆರೆಹೊರೆಯವರು ಒಬ್ಬರನ್ನೊಬ್ಬರು ಮತ್ತೆ ಕಂಡು, ಯಾವ ಬೀದಿ, ಯಾವ ಮನೆಯೆಂದು ನೆನೆದು, ತಮ್ಮದು ನ್ಯಾಯವಾದ ಬೇಡಿಕೆಯೆಂಬ ಧೈರ್ಯವನ್ನು ತಳೆಯಲು ಈ ಇಗರ್ಜಿಯ ನೆಲ ಆಶ್ರಯವಾಯಿತು. 2004ರ ಫೆಬ್ರವರಿ 11ರಂದು, ಬಿಳಿಯರ ಪ್ರದೇಶವೆಂಬ ಘೋಷಣೆಯಾಗಿ ಸರಿಯಾಗಿ 38 ವರ್ಷಗಳ ಮೇಲೆ, 87 ಮತ್ತು 82 ವರ್ಷ ವಯಸ್ಸಿನ ಇಬ್ಬರು ಹಿರಿಯರಿಗೆ ನೆಲ್ಸನ್ ಮಂಡೇಲಾ ಅವರು ಹೊಸ ಮನೆಗಳ ಬೀಗದ ಕೈಗಳನ್ನು ಕೊಟ್ಟರು. ಆ ಬಳಿಕ ಕೆಲಸ ಅತಿ ನಿಧಾನವಾಗಿ ಸಾಗಿ, ಕಾದವರಲ್ಲಿ ಅನೇಕರು ಕಾಯುತ್ತಲೇ ತೀರಿಕೊಂಡರು.

ಹಿರಿಯರ ನೆನಪನ್ನು ಸಂಗ್ರಹಿಸಲು ಹೊರಡುವವರು ಇದರಿಂದ ಗ್ರಹಿಸತಕ್ಕುದು ಎರಡು. ಅವರ ಆಯುಷ್ಯವೇ ಈ ಕಾರ್ಯದ ಗಡುವು, ಆದುದರಿಂದ ತಡಮಾಡಲಾಗದು. ಎರಡನೆಯದು, ಅವರಿಂದ ಕೇಳಿ ನಾವು ಬರೆದುಕೊಳ್ಳುವುದಕ್ಕಿಂತ ಲೇಖನಿಯನ್ನು ಅವರ ಕೈಗೇ ಕೊಡುವುದು ಮೇಲು. ಊರನ್ನು ಕಳೆದುಕೊಂಡವರಿಗೆ ಅದನ್ನು ಹೇಳುವ ಅಧಿಕಾರವಾದರೂ ಉಳಿಯಬೇಕು. ಆ ಅಧಿಕಾರವನ್ನು ಅವರಿಗೆ ಬಿಟ್ಟುಕೊಟ್ಟ ಕಲೆಯೇ ಚರಿತ್ರೆಗೆ ನಿಜವಾದ ಉಪಕಾರ ಮಾಡಿದೆ.