ನಾಲ್ಕು ಜನಾಂಗ, ನಾಲ್ಕು ನಾಟಕ: ಹವಾಯಿಯ ವಿದ್ಯಾರ್ಥಿ ರಂಗಭೂಮಿಯ ಕಥೆ

ವರ್ಷಕ್ಕೆ ನಾಲ್ಕು ನಾಟಕ. ಒಂದು ಚೀನಿಯರದು, ಒಂದು ಜಪಾನಿಯರದು, ಒಂದು ಹವಾಯಿಯ ಮೂಲನಿವಾಸಿಗಳದು, ಮತ್ತೊಂದು ಬಿಳಿಯರದು. ಹೊನೊಲುಲು ನಗರದ ಹವಾಯಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ‘ಥಿಯೇಟರ್ ಗಿಲ್ಡ್’ 1930ರ ದಶಕದಲ್ಲಿ ತನ್ನ ನಾಟಕಗಳನ್ನು ಹಂಚಿದ್ದು ಹೀಗೆ. ಚೀನೀ ಕಥೆಯ ನಾಟಕಕ್ಕೆ ಚೀನೀ ಮೂಲದ ಹುಡುಗ ಹುಡುಗಿಯರು, ಜಪಾನೀ ನಾಟಕಕ್ಕೆ ಜಪಾನೀ ಮೂಲದವರು. ಮಾತು ಮಾತ್ರ ಎಲ್ಲರದೂ ಇಂಗ್ಲಿಷ್.

ಬಹುಸಂಸ್ಕೃತಿ ಎಂಬ ಪದ ಇನ್ನೂ ಚಾಲ್ತಿಗೆ ಬರದಿದ್ದ ಕಾಲ ಅದು. ಅಮೆರಿಕದ ಮುಖ್ಯಭೂಮಿಯಲ್ಲಿ ಏಷ್ಯಾದ ಪಾತ್ರಗಳನ್ನು ಬಿಳಿಯ ನಟರೇ ಬಣ್ಣ ಬಳಿದುಕೊಂಡು ಮಾಡುತ್ತಿದ್ದಾಗ, ಶಾಂತಸಾಗರದ ನಡುವಿನ ಒಂದು ದ್ವೀಪದಲ್ಲಿ ಇಂತಹ ಹಂಚಿಕೆ ನಡೆದಿತ್ತು. ಇದನ್ನು ಔದಾರ್ಯ ಎನ್ನಬೇಕೆ, ಬೇಲಿ ಎನ್ನಬೇಕೆ? ಮುಂದಿನ ಎಂಬತ್ತು ವರ್ಷಗಳ ಇತಿಹಾಸ ನೋಡಿದರೆ ಎರಡೂ ಹೌದು ಎನಿಸುತ್ತದೆ.

ಹವಾಯಿಗೆ ಇಷ್ಟು ಬಗೆಯ ಜನ ಬಂದದ್ದು ಕಬ್ಬಿನಿಂದ. ಸಕ್ಕರೆ ತೋಟಗಳ ಮಾಲೀಕರು 1852ರಿಂದ ಚೀನಾದ ಕೂಲಿಕಾರರನ್ನು ಕರೆಸಿಕೊಂಡರು. 1878ರಲ್ಲಿ ಪೋರ್ಚುಗೀಸರು ಬಂದರು. 1885ರಿಂದ ಜಪಾನಿಯರು ದೊಡ್ಡ ಸಂಖ್ಯೆಯಲ್ಲಿ ಹಡಗಿಳಿದರು. ನಂತರ ಕೊರಿಯಾದವರು, ಫಿಲಿಪೀನ್ಸಿನವರು. ಈ ನಡುವೆ 1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಶಾಲೆಗಳಲ್ಲಿ ಇಂಗ್ಲಿಷೇ ಬೋಧನಾ ಮಾಧ್ಯಮವಾಗಿರಬೇಕೆಂಬ 1896ರ ಕಾನೂನು ನಾಡಿನ ಸ್ವಂತ ಭಾಷೆಯನ್ನು ಮನೆಯೊಳಕ್ಕೆ ತಳ್ಳಿತು. ತೋಟದಲ್ಲಿ ಇವರೆಲ್ಲ ಪರಸ್ಪರ ಮಾತನಾಡಲು ಒಂದು ಬೆರಕೆ ಭಾಷೆ ಬೆಳೆಯಿತು. ಅದನ್ನು ಅಲ್ಲಿ ‘ಪಿಜಿನ್’ ಎನ್ನುತ್ತಾರೆ.

ಕೂಲಿಕಾರರ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ, 1907ರಲ್ಲಿ ಕೃಷಿ ಕಾಲೇಜಾಗಿ ಶುರುವಾದ ಸಂಸ್ಥೆ 1920ರಲ್ಲಿ ವಿಶ್ವವಿದ್ಯಾಲಯವಾಗಿತ್ತು. ಆದ್ದರಿಂದ ಗಿಲ್ಡಿನ ನಾಲ್ಕು ನಾಟಕಗಳು ಸುಮ್ಮನೆ ಮನರಂಜನೆಯಾಗಿರಲಿಲ್ಲ. ಅಪ್ಪ ಕಬ್ಬಿನ ಗದ್ದೆಯಲ್ಲಿದ್ದಾನೆ. ಮಗ ವಿಶ್ವವಿದ್ಯಾಲಯದ ರಂಗದ ಮೇಲೆ ಅಪ್ಪನ ನಾಡಿನ ಕಥೆಯನ್ನು ಇಂಗ್ಲಿಷಿನಲ್ಲಿ ಆಡುತ್ತಿದ್ದಾನೆ. ಅದರಲ್ಲಿ ಹೆಮ್ಮೆ ಇರಲೇಬೇಕು. ಆದರೆ ಅದೇ ಹುಡುಗನಿಗೆ ಬಿಳಿಯರ ಪಾಲಿನ ನಾಟಕದಲ್ಲಿ ಜಾಗವಿರಲಿಲ್ಲ. ಫಿಲಿಪಿನೊ, ಕೊರಿಯನ್ ಮೂಲದವರಿಗಂತೂ ನಾಲ್ಕು ಪಾಲುಗಳಲ್ಲಿ ಒಂದೂ ಇರಲಿಲ್ಲ. ಯುವಜನೋತ್ಸವದ ನಾಟಕಕ್ಕೆ ಪಾತ್ರ ಹಂಚುವಾಗ ನಡೆಯುವ ಜಟಾಪಟಿ ಕಂಡವರಿಗೆ, ಹುಟ್ಟಿದ ಮನೆ ನೋಡಿ ಪಾತ್ರ ಕೊಡುವುದು ಎಷ್ಟು ಸುಲಭದ, ಎಷ್ಟು ಅಪಾಯದ ದಾರಿ ಎಂದು ಬಿಡಿಸಿ ಹೇಳಬೇಕಿಲ್ಲ.

ಗಿಲ್ಡಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಕೆಲಸ ಸದ್ದಿಲ್ಲದೆ ನಡೆದಿತ್ತು. ಇಂಗ್ಲಿಷ್ ವಿಭಾಗದ ಅಧ್ಯಾಪಕ ವಿಲ್ಲರ್ಡ್ ವಿಲ್ಸನ್ ನಾಟಕ ರಚನೆಯ ತರಗತಿ ನಡೆಸುತ್ತಿದ್ದರು. ವಿದ್ಯಾರ್ಥಿಗಳು ಬರೆದ ನಾಟಕಗಳನ್ನು ಸಂಪುಟಗಳಾಗಿ ಕೂಡಿಸಿಡುತ್ತಿದ್ದರು. ಅಲ್ಲಿ ವಾಯ್ ಚೀ ಚುನ್ ಎಂಬ ವಿದ್ಯಾರ್ಥಿನಿ 1936ರಲ್ಲಿ ಹೂಮಾಲೆ ಮಾರಿ ಬದುಕುವವರ ಕುರಿತು ‘ಫಾರ್ ಯೂ ಎ ಲೇ’ ಎಂಬ ನಾಟಕ ಬರೆದರು. ಅದರ ಪಾತ್ರಗಳು ಪಿಜಿನ್ ಆಡುತ್ತವೆ. ಮಕ್ಕಳ ಇಂಗ್ಲಿಷ್ ಉಚ್ಚಾರಣೆ ನೋಡಿ ಶಾಲೆಗಳನ್ನೇ ಬೇರ್ಪಡಿಸುತ್ತಿದ್ದ ನಾಡಿನಲ್ಲಿ ಆ ಭಾಷೆಯನ್ನು ನಾಟಕಕ್ಕೆ ತಂದದ್ದು ಸಾಮಾನ್ಯ ಧೈರ್ಯವಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಗಿಲ್ಡಿನ ನಾಲ್ಕು ಪಾಲಿಗಿಂತ ಈ ಪುಟ್ಟ ನಾಟಕವೇ ಹವಾಯಿಯ ನಿಜವಾದ ಬಹುಸಂಸ್ಕೃತಿಗೆ ಹತ್ತಿರವಾಗಿತ್ತು. ಏಕೆಂದರೆ ಪಿಜಿನ್ ಯಾವ ಒಂದು ಜನಾಂಗಕ್ಕೂ ಸೇರಿದ್ದಲ್ಲ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ‘ಜಪಾನೀ ವಿದ್ಯಾರ್ಥಿ’ ಎಂಬ ಗುರುತು ಹಗಲಾಗುವುದರಲ್ಲಿ ಅಪರಾಧದಂತಾಯಿತು. ದ್ವೀಪದ ಕಾವಲಿಗೆ ನಿಂತಿದ್ದ ಜಪಾನೀ ಮೂಲದ ವಿದ್ಯಾರ್ಥಿಗಳನ್ನು 1942ರ ಜನವರಿಯಲ್ಲಿ ಕಾವಲುಪಡೆಯಿಂದ ಬಿಡಿಸಲಾಯಿತು. ಅವರು ಸುಮ್ಮನಾಗಲಿಲ್ಲ. 169 ಮಂದಿ ಅರ್ಜಿ ಹಾಕಿ, ಬಂದೂಕಿಲ್ಲದಿದ್ದರೆ ಹಾರೆ ಗುದ್ದಲಿಯನ್ನಾದರೂ ಕೊಡಿ ಎಂಬಂತೆ ಸೇನೆಯ ಕೂಲಿ ಕೆಲಸಕ್ಕೆ ಸೇರಿದರು. 1943ರಲ್ಲಿ ಜಪಾನೀ ಮೂಲದವರ 442ನೇ ರೆಜಿಮೆಂಟ್ ರಚನೆಯಾದಾಗ ಇವರಲ್ಲಿ ಅನೇಕರು ಯುರೋಪಿನ ರಣರಂಗಕ್ಕೆ ಹೋದರು. ಆ ರೆಜಿಮೆಂಟಿನ ಯೋಧರು ಊರಿಗೆ ಮರಳಿದ ಮೇಲಿನ ದಿನಗಳನ್ನೇ ಬೆಸ್ಸಿ ತೊಯಿಶಿಗಾವ 1947ರಲ್ಲಿ ‘ರೀಯೂನಿಯನ್’ ಎಂಬ ನಾಟಕವಾಗಿ ಬರೆದರು. ಅದೂ ಪಿಜಿನ್‌ನಲ್ಲಿಯೇ.

ಯುದ್ಧ ಮುಗಿದ ಮೇಲೆ ಹಳೆಯ ಹಂಚಿಕೆ ಉಳಿಯಲಿಲ್ಲ. ರಂಗವಿಭಾಗವನ್ನು ಕಟ್ಟಿದ ಅರ್ಲ್ ಅರ್ನ್ಸ್ಟ್ ಜನಾಂಗಕ್ಕೊಂದು ನಾಟಕ ಎಂಬ ಪದ್ಧತಿಯನ್ನು ಕೈಬಿಟ್ಟರು. ಯಾರು ಬೇಕಾದರೂ ಯಾವ ಪಾತ್ರವನ್ನಾದರೂ ಮಾಡಬಹುದು ಎಂದಾಯಿತು. ಈ ಅರ್ನ್ಸ್ಟ್ ಅವರ ಪೂರ್ವಾಶ್ರಮ ಕುತೂಹಲಕರವಾದುದು. ಸೋತ ಜಪಾನನ್ನು ಅಮೆರಿಕನ್ನರು ಆಳುತ್ತಿದ್ದಾಗ ಅವರು ನಾಟಕಗಳ ಸೆನ್ಸಾರ್ ಕಚೇರಿಯಲ್ಲಿ ಕೆಲಸ ಮಾಡಿದ್ದರು. ಒಡೆಯನಿಗಾಗಿ ಪ್ರಾಣ ಕೊಡುವ, ಮಕ್ಕಳನ್ನೇ ಬಲಿ ಕೊಡುವ ಕಬುಕಿ ಕಥೆಗಳು ಯುದ್ಧೋನ್ಮಾದ ಬೆಳೆಸುತ್ತವೆ ಎಂದು ಆ ಆಡಳಿತ ಹಲವು ನಾಟಕಗಳನ್ನು ತಡೆದಿತ್ತು. 1945ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಹೀಗೆ ನಿಂತದ್ದು ‘ಸುಗವಾರ’ ನಾಟಕದ ಶಾಲೆಯ ದೃಶ್ಯ. ಅದೇ ‘ಸುಗವಾರ’ ನಾಟಕವನ್ನು ಅರ್ನ್ಸ್ಟ್ ತಾವು ಸಂಪಾದಿಸಿದ ಮೂರು ಜಪಾನೀ ನಾಟಕಗಳ ಪುಸ್ತಕದಲ್ಲಿ 1959ರಲ್ಲಿ ಇಂಗ್ಲಿಷ್ ಓದುಗರ ಮುಂದಿಟ್ಟರು!

ಅಮೆರಿಕದ ಸಂಸತ್ತು 1960ರಲ್ಲಿ ಪೂರ್ವ-ಪಶ್ಚಿಮ ಕೇಂದ್ರವನ್ನು ಈ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ಥಾಪಿಸಿತು. ಅದರೊಂದಿಗೆ ವಾಸ್ತುಶಿಲ್ಪಿ ಐ. ಎಂ. ಪೇ ರೂಪಿಸಿದ ಹೊಸ ರಂಗಮಂದಿರವೂ ಬಂತು. 1963ರ ಕೊನೆಯಲ್ಲಿ ಅದು ತೆರೆದಾಗ, ಆಗಷ್ಟೇ ಹತ್ಯೆಗೀಡಾಗಿದ್ದ ಅಧ್ಯಕ್ಷ ಕೆನಡಿ ಅವರ ಹೆಸರನ್ನು ಇಡಲಾಯಿತು. ಮೊದಲ ನಾಟಕ ‘ಬೆಂತೆನ್ ಕೊಜೊ’ ಎಂಬ ಕಬುಕಿ. ಹೆಣ್ಣುವೇಷದಲ್ಲಿ ಬಟ್ಟೆ ಅಂಗಡಿಗೆ ಬಂದು, ಸಿಕ್ಕಿಬಿದ್ದ ಮೇಲೆ ಗಂಡಸಿನಂತೆ ಕಾಲು ಮಡಿಸಿ ಕುಳಿತು ತನ್ನ ಪ್ರತಾಪ ಕೊಚ್ಚಿಕೊಳ್ಳುವ ಕಳ್ಳನ ಕಥೆ ಅದು.

ಕಬುಕಿಯಲ್ಲಿ ನಟರು ಪ್ರೇಕ್ಷಕರ ನಡುವೆ ಹಾಯುವ ಎತ್ತರದ ಕಾಲುದಾರಿಯಿಂದಲೂ ರಂಗಕ್ಕೆ ಬರುತ್ತಾರೆ. ಅದಕ್ಕೆ ‘ಹನಮಿಚಿ’, ಎಂದರೆ ಹೂದಾರಿ, ಎಂದು ಹೆಸರು. ಜಪಾನಿನಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಾರೆ. ನಮ್ಮ ಯಕ್ಷಗಾನದ ಸ್ತ್ರೀವೇಷ ಕಂಡವರಿಗೆ ಅದು ವಿಚಿತ್ರವೆನಿಸದು. ಹವಾಯಿಯ ಕಬುಕಿಯಲ್ಲಿ ಹುಡುಗಿಯರಿಗೂ ಅವಕಾಶವಿತ್ತು. ಪ್ರಾಧ್ಯಾಪಕ ಜೇಮ್ಸ್ ಬ್ರಾಂಡನ್ ಅವರ ಕಾಲದಲ್ಲಿ ಕಬುಕಿ ನಟ ನಕಮುರ ಮತಗೊರೊ ಜಪಾನಿನಿಂದ ಬಂದು ವಿದ್ಯಾರ್ಥಿಗಳಿಗೆ ಕಲಿಸಿದರು. 47 ಸಮುರಾಯಿಗಳ ಸೇಡಿನ ಕಥೆಯನ್ನು ಆ ಹುಡುಗರು 1979ರಲ್ಲಿ ಅಮೆರಿಕದ ಮುಖ್ಯಭೂಮಿಗೂ ಒಯ್ದರು.

ಚೀನೀ ನಾಟಕದ ವಿಷಯದಲ್ಲಿ ಇನ್ನೂ ಹೆಚ್ಚಿನ ಸಾಹಸ ನಡೆಯಿತು. 1980ರಲ್ಲಿ ನಾನ್‌ಜಿಂಗ್‌ನಲ್ಲಿ ಬೀಜಿಂಗ್ ಶೈಲಿಯ ಸಂಗೀತನಾಟಕ ‘ಜಿಂಗ್‌ಜು’ವನ್ನು ಕಲಿತು, ಚೀನಾದ ರಂಗದ ಮೇಲೆ ಅದನ್ನು ಆಡಿದ ಮೊದಲ ವಿದೇಶೀಯರೆನಿಸಿದವರು ಎಲಿಜಬೆತ್ ವಿಚ್‌ಮನ್. ಅವರ ಗುರು ಷೆನ್ ಷಿಯೋಮೆ, ಹೆಸರಾಂತ ನಟ ಮೇ ಲಾನ್‌ಫಾಂಗ್ ಅವರ ಶಿಷ್ಯೆ. ಜಿಂಗ್‌ಜು ನಟನಿಗೆ ಹಾಡು, ಮಾತು, ಅಭಿನಯ, ಕಾಳಗ ನಾಲ್ಕೂ ಬರಬೇಕು. ಎಳೆಯ ವಯಸ್ಸಿನಿಂದಲೇ ಕಲಿಯಬೇಕಾದ ಇದನ್ನು, ಪರೀಕ್ಷೆಗೂ ಓದಬೇಕಾದ ಕಾಲೇಜು ಮಕ್ಕಳು ಕೆಲವೇ ತಿಂಗಳಲ್ಲಿ ಕಲಿತರು, ಅದೂ ಚೀನೀ ರಾಗಕ್ಕೆ ಇಂಗ್ಲಿಷ್ ಪದ ಹೊಂದಿಸಿಕೊಂಡು. ‘ಫೀನಿಕ್ಸ್ ಗೂಡಿಗೆ ಮರಳಿತು’ ಎಂಬ ನಾಟಕ 1985ರಲ್ಲಿ ಹೊನೊಲುಲುವಿನಲ್ಲಿ ಆಡಿ, 1986ರಲ್ಲಿ ಚೀನಾಕ್ಕೇ ಹೋಯಿತು. ತಮ್ಮ ಕಲೆ ಪರಭಾಷೆಯಲ್ಲಿ, ಪರದೇಶದ ಹುಡುಗರ ಮೈಮೇಲೆ ಬಂದದ್ದನ್ನು ಚೀನೀ ಪ್ರೇಕ್ಷಕರು ನೋಡಿದ್ದು ಆಗಲೇ ಮೊದಲು.

ಇಷ್ಟು ಹೊತ್ತಿಗೆ 1930ರ ಬೇಲಿ ಬಿದ್ದು ಹೋಗಿತ್ತು. ಆದರೆ ಲೆಕ್ಕದಲ್ಲಿ ಒಂದು ಪಾಲು ಕಾಣುವುದಿಲ್ಲ. ಹಳೆಯ ಪದ್ಧತಿಯಲ್ಲಿ ಹವಾಯಿಯ ಮೂಲನಿವಾಸಿಗಳಿಗೆ ವರ್ಷಕ್ಕೊಂದು ನಾಟಕವಾದರೂ ಖಾತ್ರಿಯಿತ್ತು. ಎಲ್ಲರಿಗೂ ಎಲ್ಲವೂ ಎಂದಾದ ಮೇಲೆ ಆ ಖಾತ್ರಿಯೂ ಹೋಯಿತು. ಕಬುಕಿಗೆ ಜಪಾನಿನ ಗುರುಗಳಿದ್ದರು, ಜಿಂಗ್‌ಜುವಿಗೆ ಚೀನಾದ ತಂಡಗಳಿದ್ದವು. ಹವಾಯಿಯನ್ ಭಾಷೆಯ ನಾಟಕಕ್ಕೆ ಬೆನ್ನಿಗೆ ನಿಲ್ಲುವ ಇನ್ನೊಂದು ದೇಶವಿರಲಿಲ್ಲ. ಅದರ ದೇಶ ಅದೇ ಆಗಿತ್ತು. ಸ್ಥಳೀಯರ ಬದುಕನ್ನೇ ಆಡಬೇಕೆಂದು ಹೊರಟ ವಿದ್ಯಾರ್ಥಿಗಳು ಅಧ್ಯಾಪಕ ಡೆನ್ನಿಸ್ ಕ್ಯಾರೊಲ್ ಜತೆಗೂಡಿ 1971ರಲ್ಲಿ ‘ಕುಮು ಕಹುವಾ’ ಎಂಬ ಪ್ರತ್ಯೇಕ ತಂಡವನ್ನೇ ಕಟ್ಟಬೇಕಾಯಿತು. 1978ರಲ್ಲಿ ಹವಾಯಿಯನ್ ರಾಜ್ಯದ ಅಧಿಕೃತ ಭಾಷೆಯಾಯಿತು. ಆದರೂ ಕೆನಡಿ ರಂಗಮಂದಿರದ ಮುಖ್ಯ ವೇದಿಕೆಯ ಮೇಲೆ ಆ ಭಾಷೆಯ ನಾಟಕ ಬರಲು ಇನ್ನೂ ಮೂವತ್ತೇಳು ವರ್ಷ ಕಾಯಬೇಕಿತ್ತು.

2015ರಲ್ಲಿ ಟಾಮಿ ಹೈಲಿಓಪುವಾ ಬೇಕರ್ ಆ ವೇದಿಕೆಗೆ ತಂದ ನಾಟಕದ ಹೆಸರು ‘ಲಾಯಿಯೇಕವಾಯಿ’. ಕಥೆ ಹಳೆಯದು. 1860ರ ದಶಕದಲ್ಲಿ ಎಸ್. ಎನ್. ಹಲೆಓಲೆ ಅದನ್ನು ಹವಾಯಿಯನ್ ಭಾಷೆಯ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದಿದ್ದರು.