ದೂರವೋ, ಬೆಳಕೋ? ಒಂದು ಕ್ಯಾಮೆರಾ ಖರೀದಿಯ ಇತಿಹಾಸ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಫೋನು ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, “ಸರ್, ಮಗಳಿಗೆ ಹಕ್ಕಿಗಳ ಹುಚ್ಚು ಹಿಡಿದಿದೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಡಿಸಲೋ, ಉದ್ದ ಜೂಮಿನ ಬ್ರಿಡ್ಜ್ ಕ್ಯಾಮೆರಾ ಕೊಡಿಸಲೋ ತಿಳಿಯುತ್ತಿಲ್ಲ. ನೀವು ಒಮ್ಮೆ ಇದೇ ಗೊಂದಲದಲ್ಲಿ ಬಿದ್ದಿದ್ದಿರಲ್ಲವೇ?” ಎಂದು ಕೇಳಿದ. ಇತಿಹಾಸದ ಮೇಷ್ಟರಿಗೆ ಪ್ರಶ್ನೆ ಹಾಕಿದರೆ ಉತ್ತರ ಎರಡು ವಾಕ್ಯಗಳಲ್ಲಿ ಮುಗಿಯುವುದಿಲ್ಲವೆಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ಸಂಗತಿ. ಅವನಿಗೆ ಬರೆದು ತಿಳಿಸುತ್ತೇನೆಂದು ಹೇಳಿದ್ದೆ. ಆ ಋಣವನ್ನು ಇಲ್ಲಿ ತೀರಿಸುತ್ತಿದ್ದೇನೆ.

ನಾನು ಗೊಂದಲದಲ್ಲಿ ಬಿದ್ದದ್ದು 2007ರ ಮಳೆಗಾಲದಲ್ಲಿ. ನಿವೃತ್ತನಾಗಿ ಒಂದು ವರ್ಷ ಕಳೆದಿತ್ತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಯ ನಡುಗಡ್ಡೆಯ ಮೇಲೆ ಪ್ರತಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಮಂಡಗದ್ದೆ ನಿಮಗೆ ತಿಳಿದೇ ಇದೆ. ಎಷ್ಟೋ ವರ್ಷ ಬಸ್ಸಿನ ಕಿಟಕಿಯಿಂದಲೇ ಅದನ್ನು ನೋಡುತ್ತ ಹೋದವನು ನಾನು. ನಿವೃತ್ತಿಯಾದ ಮೇಲೆ ಅಲ್ಲಿ ಇಳಿದು, ದಡದ ವೀಕ್ಷಣಾ ಗೋಪುರ ಹತ್ತಿ, ಆ ಹಕ್ಕಿಗಳ ಚಿತ್ರ ತೆಗೆಯಬೇಕೆಂಬುದು ನನ್ನ ಆಸೆಯಾಗಿತ್ತು. ಎರಡನೆಯ ಆಸೆಯೊಂದಿತ್ತು. ಅಮ್ಮನಿಗೆ ಆಗ ಎಂಬತ್ತೆರಡು ವರ್ಷ. ಅವರ ಒಂದೇ ಒಂದು ಒಳ್ಳೆಯ ಭಾವಚಿತ್ರ ನಮ್ಮ ಮನೆಯಲ್ಲಿ ಇರಲಿಲ್ಲ.

ಮಂಡಗದ್ದೆಯ ಹಕ್ಕಿಗಳಿಗೆ ಬೇಕಾದದ್ದು ದೂರವನ್ನು ಹತ್ತಿರಕ್ಕೆ ಎಳೆಯುವ ಕ್ಯಾಮೆರಾ. ನಮ್ಮ ಹಳೆಯ ಮನೆಯ ಒಳಗಿನ ಅರೆಗತ್ತಲಿಗೆ ಬೇಕಾದದ್ದು ಕಡಿಮೆ ಬೆಳಕಿನಲ್ಲಿ ಕಾಣಬಲ್ಲ ಕ್ಯಾಮೆರಾ. ಕೈಯಲ್ಲಿದ್ದ ಹಣ ಒಂದಕ್ಕೆ ಮಾತ್ರ ಸಾಕಾಗುತ್ತಿತ್ತು.

ಈ ದ್ವಂದ್ವ ನನ್ನಿಂದ ಆರಂಭವಾದದ್ದಲ್ಲ. ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಪ್ಯಾರಿಸಿನಲ್ಲಿ ಡಾಗೆರನ ವಿಧಾನ ಲೋಕಕ್ಕೆ ಪ್ರಕಟವಾದಾಗಿನಿಂದಲೂ ಚಿತ್ರದ ಗುಣ ಒಂದು ಕಡೆ ಎಳೆದರೆ, ಒಯ್ಯುವವನ ಅನುಕೂಲ ಇನ್ನೊಂದು ಕಡೆ ಎಳೆಯುತ್ತ ಬಂದಿದೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ನಮ್ಮ ಹಂಪಿಯ ಚಿತ್ರಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ತೆಗೆದನು. ಅಷ್ಟು ದೊಡ್ಡ ಪೆಟ್ಟಿಗೆಯನ್ನೂ ರಾಸಾಯನಿಕಗಳನ್ನೂ ಆ ಬಂಡೆಗಳ ನಡುವೆ ಸಾಗಿಸಿದ ಶ್ರಮದ ಫಲವಾಗಿ, ಕಲ್ಲಿನ ರಥದ ಮೇಲೆ ಆಗ ಇದ್ದ ಇಟ್ಟಿಗೆಯ ಗೋಪುರವನ್ನು ನಾವು ಇಂದು ಚಿತ್ರದಲ್ಲಾದರೂ ನೋಡಬಹುದಾಗಿದೆ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದನು. ಅದರೊಳಗೆ 100 ಚಿತ್ರಗಳಿಗಾಗುವಷ್ಟು ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳು ಮುದ್ರಣವಾಗಿ ಬರುತ್ತಿದ್ದವು. ನನ್ನ ಯೌವನದಲ್ಲಿ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾ ಆ ಪೆಟ್ಟಿಗೆಯ ವಂಶದ್ದೇ. ರೋಲಿಗೆ 12 ಚೌಕದ ಚಿತ್ರಗಳು. ಬಿಸಿಲಿದ್ದರೆ ಚಿತ್ರ, ಇಲ್ಲದಿದ್ದರೆ ಇಲ್ಲ.

ಎಸ್‌ಎಲ್‌ಆರ್ ಎಂಬುದು ಇನ್ನೊಂದು ವಂಶ. ಸಿಂಗಲ್ ಲೆನ್ಸ್ ರಿಫ್ಲೆಕ್ಸ್ ಎಂದರೆ, ಚಿತ್ರ ತೆಗೆಯುವ ಲೆನ್ಸಿನ ಮೂಲಕವೇ ಕಣ್ಣಿಗೂ ದೃಶ್ಯ ಕಾಣುವ ಏರ್ಪಾಡು. ಒಳಗೆ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಮೇಲಿರುವ ಪಟ್ಟಕದಲ್ಲಿ ಹೊರಳಿ ನೇರವಾಗಿ ಕಣ್ಣನ್ನು ಸೇರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಬೆಳಕು ಫಿಲ್ಮಿಗೆ ತಾಗುತ್ತದೆ. ಆ ಟಕ್ ಎಂಬ ಸದ್ದು ಕನ್ನಡಿಯದು. 1936ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಿಂದ ಬಂದ ಕಿನೆ ಎಕ್ಸಾಕ್ಟ 35 ಮಿ.ಮೀ. ಫಿಲ್ಮಿನ ಆರಂಭದ ಎಸ್‌ಎಲ್‌ಆರ್‌ಗಳಲ್ಲಿ ಒಂದು. 1959ರ ನಿಕಾನ್ ಎಫ್ ಈ ಬಗೆಯ ಕ್ಯಾಮೆರಾವನ್ನು ಪತ್ರಿಕಾ ಛಾಯಾಗ್ರಾಹಕರ ಕೈಗೆ ತಲುಪಿಸಿತು. ಬೇಕಾದ ಲೆನ್ಸನ್ನು ತೆಗೆದು ಹಾಕಬಹುದೆಂಬುದೇ ಇದರ ಶಕ್ತಿ. ಪ್ರತಿಯೊಂದು ಲೆನ್ಸಿಗೂ ಬೇರೆ ಹಣ ತೆರಬೇಕೆಂಬುದೇ ಇದರ ಸಂಕಟ.

ಈ ಎರಡು ವಂಶಗಳ ನಡುವೆ ಸೇತುವೆ ಕಟ್ಟುವ ಪ್ರಯತ್ನ ಫಿಲ್ಮಿನ ಕಾಲದಲ್ಲಿಯೇ, 1980ರ ದಶಕದ ಕೊನೆಯಲ್ಲಿ ನಡೆಯಿತು. ಬದಲಿಸಲಾಗದ ಜೂಮ್ ಲೆನ್ಸನ್ನು ದೇಹಕ್ಕೇ ಕೂರಿಸಿದ ಆ ಕ್ಯಾಮೆರಾಗಳಿಗೆ ಬ್ರಿಡ್ಜ್ ಎಂಬ ಹೆಸರು ಬಂದದ್ದು ಹೀಗೆ. ಆದರೆ ಆ ಕಲ್ಪನೆಗೆ ನಿಜವಾದ ಬಲ ಬಂದದ್ದು ಡಿಜಿಟಲ್ ಯುಗದಲ್ಲಿ. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 2000ದಲ್ಲಿ ಒಲಿಂಪಸ್ ಸಂಸ್ಥೆ 10 ಪಟ್ಟು ಜೂಮಿನ, ಕೈನಡುಕವನ್ನು ತಡೆಯುವ ಡಿಜಿಟಲ್ ಕ್ಯಾಮೆರಾ ತಂದಿತು. 2002ರಲ್ಲಿ ಪ್ಯಾನಸೋನಿಕ್ 12 ಪಟ್ಟಿನದನ್ನು ತಂದಿತು. 2003ರಲ್ಲಿ ಕ್ಯಾನನ್ 300ಡಿ ಬಂದು, ಅಮೆರಿಕದಲ್ಲಿ 1000 ಡಾಲರಿಗಿಂತ ಕಡಿಮೆ ಬೆಲೆಗೆ ಡಿಎಸ್‌ಎಲ್‌ಆರ್ ದೊರೆಯುವಂತಾಯಿತು. 2006ರ ಕೊನೆಯಲ್ಲಿ ನಿಕಾನ್ ಡಿ40 ಬಂದಿತು. ಹೀಗೆ ಎರಡೂ ಹಾದಿಗಳು ನನ್ನಂತಹ ಸಾಮಾನ್ಯರ ಅಂಗಳಕ್ಕೆ ಸರಿಸುಮಾರು ಒಂದೇ ಕಾಲಕ್ಕೆ ಬಂದು ಸೇರಿದವು. ಗೊಂದಲ ಹುಟ್ಟಿದ್ದೂ ಅದರಿಂದಲೇ.

ಈಗ ಅದರ ಒಳಗಿನ ಗುಟ್ಟನ್ನು ಹೇಳುತ್ತೇನೆ. ಅಂದಿನ ಬ್ರಿಡ್ಜ್ ಕ್ಯಾಮೆರಾದ ಸೆನ್ಸರ್ ಸುಮಾರು 5.8 ಮಿ.ಮೀ. ಅಗಲ, 4.3 ಮಿ.ಮೀ. ಎತ್ತರದ ಚೂರು. ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಡಿ40ರಂತಹ ಡಿಎಸ್‌ಎಲ್‌ಆರ್‌ನದು ಸುಮಾರು 23.7 ಮತ್ತು 15.6 ಮಿ.ಮೀ. ಕ್ಷೇತ್ರಫಲ ಗುಣಿಸಿ ನೋಡಿದರೆ ಹತ್ತಿರ ಹತ್ತಿರ 15 ಪಟ್ಟು ವ್ಯತ್ಯಾಸ. ಮಳೆ ಬರುವಾಗ ಅಂಗಳದಲ್ಲಿ ಹಂಡೆಯನ್ನೂ ಚೊಂಬನ್ನೂ ಇಟ್ಟು ಒಳಗೆ ಹೋದರೆ ಯಾವುದರಲ್ಲಿ ಹೆಚ್ಚು ನೀರು ನಿಲ್ಲುತ್ತದೆ? ಬೆಳಕಿನ ವಿಷಯವೂ ಹಾಗೆಯೇ. ಮಳೆ ಜೋರಾಗಿದ್ದರೆ ಚೊಂಬೂ ತುಂಬುತ್ತದೆ. ಹನಿ ಮಳೆಯಲ್ಲಿ ಅದರ ಬಡತನ ಗೊತ್ತಾಗುತ್ತದೆ.

ಆದರೆ ಆ ಬಡತನವೇ ಇನ್ನೊಂದು ಕಡೆ ಸಿರಿಯಾಗುತ್ತದೆ. ಸೆನ್ಸರ್ ಚಿಕ್ಕದಾದಷ್ಟೂ ಚಿಕ್ಕ ಲೆನ್ಸೇ ದೂರವನ್ನು ಎಳೆದು ತರುತ್ತದೆ. ಅಂದಿನ 12 ಪಟ್ಟಿನ ಬ್ರಿಡ್ಜ್ ಕ್ಯಾಮೆರಾದಲ್ಲಿ 72 ಮಿ.ಮೀ. ಸಂಗಮ ದೂರದ ಲೆನ್ಸು ಮಾಡುತ್ತಿದ್ದ ಕೆಲಸಕ್ಕೆ ಡಿಎಸ್‌ಎಲ್‌ಆರ್‌ನಲ್ಲಿ ಸುಮಾರು 290 ಮಿ.ಮೀ. ಲೆನ್ಸು ಬೇಕು. ಡಿಎಸ್‌ಎಲ್‌ಆರ್ ಜೊತೆ ಕೊಡುತ್ತಿದ್ದ ಲೆನ್ಸು ನಿಲ್ಲುತ್ತಿದ್ದದ್ದು 55ಕ್ಕೆ. ದೂರದ ಲೆನ್ಸಿನ ಬೆಲೆ ವಿಚಾರಿಸಿದಾಗ ಅಂಗಡಿಯವರು ಕ್ಯಾಮೆರಾಕ್ಕೆ ಹೇಳಿದಷ್ಟೇ ಹಣವನ್ನು ಮತ್ತೊಮ್ಮೆ ಹೇಳಿದರು. ನಾನು ಮರುಮಾತಿಲ್ಲದೆ ಬ್ರಿಡ್ಜ್ ಕ್ಯಾಮೆರಾ ಕೊಂಡೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ತಂಗಿಯ ಮಗ ಅದೇ ತಿಂಗಳು ಡಿಎಸ್‌ಎಲ್‌ಆರ್ ಕೊಂಡು ಊರಿಗೆ ಬಂದ. “ಮಾವ, ನೀವು ಆಟಿಕೆ ತೆಗೆದುಕೊಂಡಿರಿ” ಎಂದು ನಕ್ಕ. ಇಬ್ಬರೂ ಮಂಡಗದ್ದೆಗೆ ಹೋದೆವು. ಗೋಪುರದ ಮೇಲೆ ನಿಂತು ನಾನು ಜೂಮ್ ಎಳೆದೆ. ಗೂಡಿನಲ್ಲಿ ಕುಳಿತ ಬೆಳ್ಳಕ್ಕಿಯ ಕೊಕ್ಕಿನಲ್ಲಿದ್ದ ಕಡ್ಡಿ ಕಂಡಿತು. ಅವನ ಚಿತ್ರಗಳಲ್ಲಿ ಹಸಿರು ಮರದ ಮೇಲೆ ಸುಣ್ಣದ ಚುಕ್ಕೆಗಳು. ಆ ದಿನ ನಗುವ ಸರದಿ ನನ್ನದಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ನನ್ನ ಚಿತ್ರಗಳಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು ಕಾಣತೊಡಗಿತು. ಹಾವಕ್ಕಿಯೊಂದು ರೆಕ್ಕೆ ಬಿಚ್ಚಿ ಹಾರಿದಾಗ ಕ್ಯಾಮೆರಾ ಫೋಕಸ್ ಹುಡುಕುತ್ತ ಹಿಂದೆ ಮುಂದೆ ಹೋಯಿತು. ಅದಕ್ಕೆ ಹಕ್ಕಿ ಸಿಕ್ಕುವ ವೇಳೆಗೆ ಹಕ್ಕಿ ಆಚೆ ದಡದಲ್ಲಿತ್ತು.

ಸಂಜೆ ಮನೆಗೆ ಬಂದೆವು. ಅಮ್ಮ ಪಡಸಾಲೆಯ ಕಿಟಕಿಯ ಬಳಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ನಾನು ತೆಗೆದ ಚಿತ್ರ ಮಂಕಾಗಿ ಕದಲಿಹೋಯಿತು. ಫ್ಲಾಷ್ ಹಾಕಿದೆ. ಶಸ್ತ್ರಚಿಕಿತ್ಸೆಯಾದ ಅವರ ಕಣ್ಣಿಗೆ ಅದು ಚುಚ್ಚಿ, ಅವರು ಸೆರಗನ್ನು ಮುಖಕ್ಕೆ ಒತ್ತಿಕೊಂಡರು. “ಸಾಕು ಬಿಡೋ, ಈ ಮುದುಕಿಯ ಪಟ ಯಾಕೆ?” ಎಂದರು. ಅಳಿಯ ಏನೂ ಮಾತನಾಡಲಿಲ್ಲ. ಫ್ಲಾಷಿಲ್ಲದೆ, ಕಿಟಕಿಯಿಂದ ಬರುತ್ತಿದ್ದ ಮಳೆಗಾಲದ ಬೂದು ಬೆಳಕಿನಲ್ಲಿಯೇ ಎರಡು ಬಾರಿ ಕನ್ನಡಿಯ ಸದ್ದು ಮಾಡಿದ. ಇಂದು ನಮ್ಮ ಹಜಾರದಲ್ಲಿ ತೂಗುತ್ತಿರುವ ಅಮ್ಮನ ಭಾವಚಿತ್ರ ಅದೇ. ಅದನ್ನು ಯಾರು ತೆಗೆದರೆಂದು ಬಂದವರು ಕೇಳಿದಾಗಲೆಲ್ಲ ಅಳಿಯನ ಹೆಸರು ಹೇಳುತ್ತೇನೆ. ಮೊದಲ ಕೆಲವು ವರ್ಷ ಹಾಗೆ ಹೇಳುವಾಗ ನನಗೆ ಸಣ್ಣ ನೋವಾಗುತ್ತಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಅಮ್ಮ 2008ರ ಮಾರ್ಚಿನಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಒಂದು ರಾತ್ರಿ, ನಿದ್ರೆ ಬಾರದೆ, ನನ್ನ ಕ್ಯಾಮೆರಾದ ಕಾರ್ಡಿನಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತ ಕುಳಿತಿದ್ದೆ. ದೀಪಾವಳಿಯ ಸಮಯದ ಒಂದು ವೀಡಿಯೋ ಅಲ್ಲಿತ್ತು. ಮೊಮ್ಮಗಳು ಕಾಡಿದಳೆಂದು ಅಮ್ಮ ಹಸೆಯ ಹಾಡೊಂದನ್ನು ಹೇಳುತ್ತಿದ್ದಾರೆ. ಅಡುಗೆಮನೆಯ ದೀಪದಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ, ರವೆಯೇ ರವೆ. ಮೂರೂವರೆ ನಿಮಿಷ. ನಡುವೆ ಸಾಲು ಮರೆತು, “ಏನೇ ಅದು ಮುಂದಿನದು?” ಎಂದು ನನ್ನ ತಂಗಿಯನ್ನು ಕೇಳುತ್ತಾರೆ, ನಗುತ್ತಾರೆ, ಮತ್ತೆ ಹಿಡಿಯುತ್ತಾರೆ. ಅವರ ದನಿ ನಮ್ಮ ಬಳಿ ಉಳಿದಿರುವುದು ಅಷ್ಟೇ.

ಅಳಿಯನ ಕ್ಯಾಮೆರಾದಲ್ಲಿ ಇದು ಸಾಧ್ಯವಿರಲಿಲ್ಲ. ಕನ್ನಡಿಯ ಏರ್ಪಾಡಿನಿಂದಾಗಿ ಅಂದಿನ ಡಿಎಸ್‌ಎಲ್‌ಆರ್‌ಗಳು ಚಲಿಸುವ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ದಾಖಲಿಸುತ್ತಿರಲಿಲ್ಲ. ವೀಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಆದ ನಿಕಾನ್ ಡಿ90 ಪ್ರಕಟವಾದದ್ದು 2008ರ ಆಗಸ್ಟಿನಲ್ಲಿ. ಅಮ್ಮ ಹೋಗಿ ಆಗ ಐದು ತಿಂಗಳಾಗಿತ್ತು. ಕೊಳ್ಳುವಾಗ ನಾನು ದೂರವನ್ನೂ ಬೆಳಕನ್ನೂ ತೂಗಿ ನೋಡಿದ್ದೆನೇ ಹೊರತು, ಧ್ವನಿಯೆಂಬುದೊಂದು ಲೆಕ್ಕದಲ್ಲಿಯೇ ಇರಲಿಲ್ಲ. ಅಳಿಯ ಆ ವೀಡಿಯೋವನ್ನು ಕೇಳಿ ಪ್ರತಿಯೊಂದನ್ನು ಒಯ್ದ. ಆಟಿಕೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಆನಂತರದ ಇತಿಹಾಸ ಇನ್ನೂ ವಿಚಿತ್ರ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟವು. 2023ರಲ್ಲಿ ಆ ಸಂಖ್ಯೆ 80 ಲಕ್ಷಕ್ಕೂ ಕೆಳಗಿತ್ತು. ನಡುವೆ ಆದದ್ದೇನೆಂಬುದು ನಿಮ್ಮ ಅಂಗಿಯ ಜೇಬಿನಲ್ಲಿಯೇ ಇದೆ. ಕನ್ನಡಿಯಿಲ್ಲದ ಕ್ಯಾಮೆರಾಗಳ ದಾರಿಯನ್ನು 2008ರಲ್ಲಿ ಪ್ಯಾನಸೋನಿಕ್ ತೆರೆಯಿತು. ದೊಡ್ಡ ಸಂಸ್ಥೆಗಳೆಲ್ಲ ಕ್ರಮೇಣ ಅತ್ತ ನಡೆದವು. ಡಿ40ರ ವಂಶದ ಕೊನೆಯ ಕುಡಿಯಾದ, 2018ರ ಡಿ3500ರ ತಯಾರಿಕೆ ನಿಂತುಹೋಗಿದೆ. ಆಟಿಕೆ ಎನಿಸಿಕೊಂಡ ಬ್ರಿಡ್ಜ್ ಕ್ಯಾಮೆರಾ ಮಾತ್ರ ಬದುಕಿದೆ. 2018ರಲ್ಲಿ ನಿಕಾನ್ ಪಿ1000 ಜೂಮನ್ನು 125 ಪಟ್ಟಿಗೆ ಒಯ್ದಿತು. 2025ರಲ್ಲಿ ಅದರ ಉತ್ತರಾಧಿಕಾರಿ ಪಿ1100 ಬಂದಿತು. ಅಷ್ಟು ದೂರವನ್ನು ಎಳೆಯುವುದು ಜೇಬಿನ ಫೋನಿಗೆ ಇನ್ನೂ ಸಾಧ್ಯವಾಗಿಲ್ಲ. ಅದರ ಸೆನ್ಸರ್ ಇಂದಿಗೂ ಚೊಂಬಿನ ಅಳತೆಯದೇ.

ಇನ್ನು ನನ್ನ ಶಿಷ್ಯನಿಗೆ ಉತ್ತರ. ಮಗಳು ಹಕ್ಕಿಯನ್ನು ಗುರುತಿಸಲು, ಬರೆದಿಡಲು, ದಿನವೂ ಹೆಗಲಿಗೆ ಹಾಕಿಕೊಂಡು ತಿರುಗಲು ಬಯಸುವುದಾದರೆ ಬ್ರಿಡ್ಜ್ ಕ್ಯಾಮೆರಾ ಕೊಡಿಸು. ಹಗಲಿನಲ್ಲಿ ಅದು ಕೈಬಿಡುವುದಿಲ್ಲ. ಬೆಳಗಿನ ಜಾವದ ಕಾಡು, ಹಾರುವ ಹಕ್ಕಿ ಬೇಕೆನ್ನುವುದಾದರೆ, ಬೆಳಕನ್ನು ಕಲಿಯುವ ತಾಳ್ಮೆ ಅವಳಿಗಿದ್ದರೆ, ಹಳೆಯ ಡಿಎಸ್‌ಎಲ್‌ಆರ್ ಕೊಡಿಸು. ಆದರೆ ಹಣದ ಹೆಚ್ಚಿನ ಪಾಲನ್ನು ದೂರದ ಲೆನ್ಸಿಗೆ ಮೀಸಲಿಡು. ಬರೀ ಜೊತೆಗೆ ಬರುವ ಲೆನ್ಸಿನಿಂದ ಮಂಡಗದ್ದೆಯಲ್ಲಿ ಸುಣ್ಣದ ಚುಕ್ಕೆಯೇ ಸಿಗುವುದು. ಕೊಳ್ಳುವ ಮುನ್ನ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂತಹ ಬೂಷ್ಟು ಇದೆಯೇ ನೋಡು. ನಮ್ಮ ಮಲೆನಾಡಿನ ಮಳೆಗಾಲ ಗಾಜನ್ನೂ ಬಿಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳೊಡನೆ ಇಡುವುದನ್ನು ಮೊದಲ ದಿನವೇ ಕಲಿಸು. ನನ್ನ ಕ್ಯಾಮೆರಾದ ಲೆನ್ಸಿನೊಳಗೆ ಬೂಷ್ಟು ಬೆಳೆದು, ಬಿಚ್ಚಲಾಗದೆ, ಅದು 2013ರಿಂದ ಕಪಾಟಿನಲ್ಲಿ ಕುಳಿತಿದೆ. ತಪ್ಪು ಅದರದಲ್ಲ, ಡಬ್ಬಿಯಲ್ಲಿ ಇಡದ ನನ್ನದು.

ಇನ್ನೊಂದು ಮಾತು. ಯಾವುದನ್ನೇ ಕೊಡಿಸಿದರೂ, ಮೊದಲ ವಾರ ಹಕ್ಕಿಗಳ ಬಳಿಗೆ ಹೋಗುವ ಮುನ್ನ, ಮನೆಯಲ್ಲಿರುವ ಅಜ್ಜಿಯ ಎದುರು ಅವಳನ್ನು ಕೂರಿಸು. ಅಜ್ಜಿಗೆ ಏನಾದರೂ ಹೇಳಲು ಹೇಳು. ವೀಡಿಯೋ ಗುಂಡಿ ಎಲ್ಲಿದೆಯೆಂದು ಮಗಳಿಗೆ ತೋರಿಸಿಕೊಡು.